ಕೈಕೊಡದ ಕೋವಿ ಯಾವುದು?

2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂತು. ಅಲ್ಲಿಯವರೆಗೆ ಲೈಸೆನ್ಸುದಾರರೊಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು, ಇನ್ನು ಮೇಲೆ ಎರಡೇ. ಮೂರನೆಯದನ್ನು ವರ್ಷದೊಳಗೆ ಠಾಣೆಗೋ ಕೋವಿ ವ್ಯಾಪಾರಿಗೋ ಒಪ್ಪಿಸಬೇಕು. ಕಳಸದ ಈಚೆಗಿರುವ ನಮ್ಮ ತೋಟದ ಮನೆಯಲ್ಲಿ ಆಗ ಇದ್ದದ್ದು ಸರಿಯಾಗಿ ಮೂರು: ತಂದೆಯ ಕಾಲದ ಹನ್ನೆರಡು ಬೋರಿನ ಜೋಡುನಳಿಗೆ, ಇಶಾಪುರದ .315 ಬೋಲ್ಟ್ ರೈಫಲ್ಲು, ಒಂದು .22.

ಮಗ ಸುಲಭದ ದಾರಿ ಹೇಳಿದ. "ಯಾವ್ದು ಕೈ ಕೊಡಲ್ವೋ ಅದನ್ನ ಇಟ್ಕೊಂಡ್ರಾಯ್ತಲ್ಲ ಅಪ್ಪಯ್ಯ."

ನಲವತ್ತು ವರ್ಷ ಕೋವಿ ಒರೆಸಿದವನಿಗೆ ಇದಕ್ಕೆ ಉತ್ತರ ಬಾಯಲ್ಲೇ ಇರಬೇಕಿತ್ತು. ಇರಲಿಲ್ಲ. ಗುರಿಕಾರರ ಪಂಗಡದಲ್ಲಿ ಬೋಲ್ಟ್ ರೈಫಲ್ಲಿಗೆ "ಎಂದೂ ಕೈಕೊಡದ್ದು" ಎಂಬ ಬಿರುದು ಇದೆ. ಆ ಬಿರುದು ಎಲ್ಲಿಂದ ಬಂತು, ಯಾರು ಒಪ್ಪುತ್ತಾರೆ, ಯಾರು ಒಪ್ಪುವುದಿಲ್ಲ, ನಮ್ಮ ಮಳೆಯಲ್ಲಿ ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ಹುಡುಕಹೊರಟಾಗ ಸಿಕ್ಕಿದ್ದನ್ನು ಇಲ್ಲಿ ಹರವಿಟ್ಟಿದ್ದೇನೆ.

ಮೊದಲೇ ಒಂದು ಮಾತು. "ನಂಬಿಕಸ್ತ ಕೋವಿ" ಎನ್ನುವಾಗ ನಾವು ಬೇರೆ ಬೇರೆ ಸಂಗತಿಗಳನ್ನು ಒಂದೇ ಗೋಣಿಗೆ ತುಂಬುತ್ತೇವೆ. ಟ್ರಿಗರ್ ಎಳೆದಾಗ ಈಡು ಹಾರಬೇಕು. ಖಾಲಿ ತೋಟಾ ಹೊರಬಿದ್ದು ಹೊಸದು ಏರಬೇಕು. ಹೋದ ವರ್ಷ ಇಟ್ಟ ಗುರಿಗೇ ಈ ವರ್ಷವೂ ಗುಂಡು ಬೀಳಬೇಕು. ಎಳೆಯದೇ ಇದ್ದಾಗ ಹಾರಬಾರದು. ಮೊದಲನೆಯದರಲ್ಲಿ ಗೆದ್ದ ಕೋವಿ ಮೂರನೆಯದರಲ್ಲಿ ಸೋಲಬಹುದು. ಗುರಿಕಾರರ ಜಗಳಗಳಲ್ಲಿ ಅರ್ಧ ಹುಟ್ಟುವುದು ಒಬ್ಬ ಒಂದರ ಬಗ್ಗೆ, ಇನ್ನೊಬ್ಬ ಇನ್ನೊಂದರ ಬಗ್ಗೆ ಮಾತಾಡುವುದರಿಂದ.

ಬಾಗಿಲ ಚಿಲಕದಿಂದ ಇಶಾಪುರದವರೆಗೆ

ಬೋಲ್ಟ್ ಎಂದರೆ ಚಿಲಕವೇ. ಹಿಡಿಯನ್ನು ಮೇಲಕ್ಕೆ ತಿರುಗಿಸಿ ಹಿಂದಕ್ಕೆ ಎಳೆದರೆ ನಳಿಗೆಯ ಬಾಗಿಲು ತೆರೆಯುತ್ತದೆ, ಮುಂದಕ್ಕೆ ದೂಡಿ ಕೆಳಕ್ಕೆ ಒತ್ತಿದರೆ ಮುಚ್ಚುತ್ತದೆ. ಪ್ರಷ್ಯದ ಸೈನ್ಯ 1841ರಲ್ಲಿ ಒಪ್ಪಿಕೊಂಡ ಡ್ರೈಸೆಯ ಸೂಜಿ ಕೋವಿ ಈ ಬಗೆಯಲ್ಲಿ ಮೊದಲು ಹೆಸರು ಮಾಡಿದ್ದು. ಉದ್ದನೆಯ ಸೂಜಿ ಕಾಗದದ ತೋಟಾವನ್ನು ತೂರಿ ಒಳಗಿನ ಕೇಪಿಗೆ ತಾಗುತ್ತಿತ್ತು. ಮದ್ದು ಉರಿಯುವಾಗ ಸೂಜಿ ಆ ಉರಿಯೊಳಗೇ ಇರುತ್ತಿದ್ದರಿಂದ ಬೇಗ ಸವೆದು ಮುರಿಯುತ್ತಿತ್ತು, ಸಿಪಾಯಿಗಳು ಬದಲಿ ಸೂಜಿ ಜೊತೆಗಿಟ್ಟುಕೊಳ್ಳಬೇಕಿತ್ತು. ಇಂದು ನಂಬಿಕೆಗೆ ಹೆಸರಾದ ವಂಶದ ಮೂಲಪುರುಷನೇ ಹೀಗೆ ಕೈಕೊಡುವವನು.

ಹಿತ್ತಾಳೆಯ ತೋಟಾ, ಹೊಗೆಯಿಲ್ಲದ ಮದ್ದು ಬಂದ ಮೇಲೆ ದಾರಿ ಎರಡಾಯಿತು. ಜರ್ಮನಿಯಲ್ಲಿ ಪೌಲ್ ಮೌಸರ್ ತಿದ್ದುತ್ತಾ ತಿದ್ದುತ್ತಾ 1898ರ ಮಾದರಿಗೆ ಬಂದ. ಬ್ರಿಟಿಷರು ಜೇಮ್ಸ್ ಪ್ಯಾರಿಸ್ ಲೀಯ ವಿನ್ಯಾಸವನ್ನು ಹಿಡಿದು ಲೀ-ಎನ್‌ಫೀಲ್ಡ್ ಮಾಡಿದರು. ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ ಈ ಎರಡನೆಯ ದಾರಿಯದು.

ನಂಬಿಕೆಯ ನಿಜವಾದ ಪರೀಕ್ಷೆ ನಡೆದದ್ದು ಮೊದಲ ಮಹಾಯುದ್ಧದ ಕೆಸರಿನಲ್ಲಿ. ಕೆನಡಾದ ಸೈನ್ಯ ರಾಸ್ ಎಂಬ ರೈಫಲ್ಲು ಹೊತ್ತು ಹೋಗಿತ್ತು. ತಿರುಗಿಸುವ ಕೆಲಸವಿಲ್ಲ, ನೇರ ಎಳೆದರೆ ಸಾಕು. ಗುರಿಯ ಸ್ಪರ್ಧೆಗಳಲ್ಲಿ ಅದಕ್ಕೆ ಒಳ್ಳೆಯ ಹೆಸರು. 1915ರಲ್ಲಿ ಈಪ್ರ್ ಬಳಿ, ಕೆಸರು ಮತ್ತು ಅಳತೆ ಸ್ವಲ್ಪ ಹೆಚ್ಚುಕಡಿಮೆಯಿದ್ದ ತೋಟಾ ಎರಡೂ ಸೇರಿದಾಗ ಬೋಲ್ಟು ಕಚ್ಚಿಕೊಂಡಿತು. ಸಿಪಾಯಿಗಳು ಬೂಟಿನಿಂದ ಒದ್ದು ತೆರೆಯಬೇಕಾಯಿತು. ಮರುವರ್ಷದ ಹೊತ್ತಿಗೆ ಕೆನಡಾದವರ ಕೈಗೂ ಲೀ-ಎನ್‌ಫೀಲ್ಡ್ ಬಂತು. ಬೋಲ್ಟ್ ಎಂಬ ಜಾತಿಗೆ ನಂಬಿಕೆ ಹುಟ್ಟಿನಿಂದ ಬಂದದ್ದಲ್ಲ ಎನ್ನುವುದಕ್ಕೆ ರಾಸ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಸಡಿಲವಾಗಿದ್ದದ್ದು ಗೆದ್ದಿತು, ಬಿಗಿಯಾಗಿದ್ದದ್ದು ಸೋತಿತು.

ಅಮೆರಿಕದ ಸ್ಪ್ರಿಂಗ್‌ಫೀಲ್ಡ್ 1903ರದು ಇನ್ನೊಂದು ಕಥೆ. ಮೊದಲ ಎಂಟು ಲಕ್ಷದಷ್ಟು ರೈಫಲ್ಲುಗಳಿಗೆ ಬಳಸಿದ ಉಕ್ಕನ್ನು ಕಾಯಿಸುವಾಗ ಬಿಸಿ ಎಷ್ಟಾಯಿತೆಂದು ಕೆಲಸಗಾರರು ಬಣ್ಣ ನೋಡಿ ಹೇಳುತ್ತಿದ್ದರು, ನಮ್ಮ ಕುಲುಮೆಯವರು ಕತ್ತಿಗೆ ಹದ ಕೊಡುವ ಹಾಗೆ. ಬಿಸಿಲಿನ ದಿನ ಕಣ್ಣಿಗೆ ಕೆಂಪು ಕಡಿಮೆ ಕಂಡು ಉಕ್ಕು ಅತಿಯಾಗಿ ಕಾದು ಪೆಡಸಾಗುತ್ತಿತ್ತು. ಅಂಥ ಕೆಲವು ಒಡೆದವು. ವಿನ್ಯಾಸ ಮೌಸರ್ ಮನೆತನದ್ದೇ, ಕೆಟ್ಟದ್ದು ಮೋಡ ಬಿಸಿಲಿನ ಲೆಕ್ಕದಿಂದ.

ಮೌಸರ್ ಪಂಥ

ಈ ಪಂಥದವರ ಮಾತು ಒಂದು ಕೊಕ್ಕೆಯ ಮೇಲೆ ನಿಂತಿದೆ. ಮೌಸರ್ 98ರಲ್ಲಿ ಬೋಲ್ಟಿನ ಬದಿಗೆ ಉದ್ದಕ್ಕೂ ಒಂದು ಅಗಲವಾದ ಉಕ್ಕಿನ ಕೊಕ್ಕೆಯಿದೆ. ತೋಟಾ ಮ್ಯಾಗಜಿನ್ನಿನಿಂದ ಮೇಲೆದ್ದ ಕ್ಷಣವೇ ಅದು ತೋಟಾದ ಬುಡ ಹಿಡಿಯುತ್ತದೆ, ಹೊರಗೆ ಎಸೆಯುವವರೆಗೆ ಬಿಡುವುದಿಲ್ಲ. ಕೋವಿಯನ್ನು ತಲೆಕೆಳಗೆ ಹಿಡಿದರೂ ಸರಿ. ಗಾಬರಿಯಲ್ಲಿ ಬೋಲ್ಟನ್ನು ಅರ್ಧ ದೂಡಿ ಹಿಂದಕ್ಕೆಳೆದರೆ ಆ ತೋಟಾವೂ ಹಿಂದೆಯೇ ಬರುತ್ತದೆ.

ಇನ್ನೊಂದು ಬಗೆಯಲ್ಲಿ ಬೋಲ್ಟು ತೋಟಾವನ್ನು ಬರಿದೇ ಮುಂದಕ್ಕೆ ದೂಡುತ್ತದೆ, ಕೊಕ್ಕೆ ಹಿಡಿಯುವುದು ಕೊನೆಗೆ. ಅರ್ಧ ದೂಡಿ ಎಳೆದರೆ ಮೊದಲ ತೋಟಾ ಒಳಗೇ ಉಳಿದು ಎರಡನೆಯದು ಅದರ ಬೆನ್ನಿಗೆ ಗುದ್ದುತ್ತದೆ. ಅಮೆರಿಕದ ವಿಂಚೆಸ್ಟರ್ 70 ಮಾದರಿ 1964ರಲ್ಲಿ ಮೊದಲ ಬಗೆಯಿಂದ ಎರಡನೆಯದಕ್ಕೆ ಇಳಿದಾಗ ಗುರಿಕಾರರು ಎಷ್ಟು ಗೊಣಗಿದರೆಂದರೆ, ಅದಕ್ಕೂ ಹಿಂದಿನ ರೈಫಲ್ಲಿಗೆ ಇಂದಿಗೂ ಬೇರೆ ಬೆಲೆ. ಆದರೆ 1962ರಲ್ಲಿ ಬಂದ ರೆಮಿಂಗ್ಟನ್ 700 ಈ ಎರಡನೆಯ ಬಗೆಯದೇ, ಲಕ್ಷಗಟ್ಟಲೆ ಮಾರಾಟವಾಗಿ ಕೆಲಸ ಮಾಡುತ್ತಲೇ ಇದೆ. ಮೌಸರ್ ಕೊಕ್ಕೆಗೂ ಒಂದು ಹಟವಿದೆ: ಮ್ಯಾಗಜಿನ್ನಿಗೆ ಹಾಕದೆ ಒಂದೇ ತೋಟಾವನ್ನು ನೇರ ಚೇಂಬರಿಗೆ ಇಟ್ಟರೆ ಹಳೆಯ ಮೌಸರ್ ಅದರ ಮೇಲೆ ಮುಚ್ಚಿಕೊಳ್ಳಲು ಒಪ್ಪುವುದಿಲ್ಲ.

ಈ ಪಂಥಕ್ಕೆ ದೊಡ್ಡ ಸಾಕ್ಷಿಗಳಿದ್ದಾರೆ. ಆಫ್ರಿಕದಲ್ಲಿ ಸಾವಿರಕ್ಕೂ ಮಿಗಿಲು ಆನೆ ಹೊಡೆದ ಬೆಲ್ ಅವುಗಳಲ್ಲಿ ಬಹುಪಾಲನ್ನು ಹೊಡೆದದ್ದು ಮೌಸರ್ ಬೋಲ್ಟಿನ .275 ರಿಗ್ಬಿಯಿಂದ. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು, 1930ರಲ್ಲಿ ಚೌಗಢದ ಹೆಣ್ಣುಹುಲಿಯನ್ನು ಹೊಡೆದದ್ದೂ ಅದೇ ಬಗೆಯ ರೈಫಲ್ಲಿನಿಂದ. ಎರಡನೆಯ ಸಲವಂತೂ ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದವು, ಒಂದೇ ಕೈಯಲ್ಲಿ ಹೊಡೆದ.

ಕನ್ನಡದ ಓದುಗರಿಗೆ ಇಲ್ಲೊಂದು ತಮಾಷೆಯಿದೆ. ಮೂಡಿಗೆರೆಯ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ಓದಿ ಕೋವಿಯ ಕನಸು ಕಂಡವರು ನಾವು. ಆ ಆಂಡರ್ಸನ್ ಹೊತ್ತು ತಿರುಗಿದ್ದು ಬೋಲ್ಟ್ ರೈಫಲ್ಲನ್ನಲ್ಲ, 1895ರ ಮಾದರಿಯ .405 ವಿಂಚೆಸ್ಟರನ್ನು. ಟ್ರಿಗರಿನ ಕೆಳಗಿನ ಸನ್ನೆ ಹೊಡೆದು ತೋಟಾ ಏರಿಸುವ ಬಗೆ ಅದು.

ಇಶಾಪುರದವರು

ನಮ್ಮ ಕಡೆ ಬೋಲ್ಟ್ ರೈಫಲ್ಲು ಎಂದರೆ ಬಹುಮಟ್ಟಿಗೆ .315. ಸೈನ್ಯದ .303 ತೋಟಾ ಖಾಸಗಿಯವರ ಕೈಗೆ ಸಿಗಬಾರದೆಂಬ ಬ್ರಿಟಿಷರ ಎಚ್ಚರಿಕೆಯಿಂದ, ಆಸ್ಟ್ರಿಯ ಸೈನ್ಯದ ಹಳೆಯ ಎಂಟು ಮಿಲಿಮೀಟರ್ ತೋಟಾ ಇಲ್ಲಿ ಶಿಕಾರಿಯ ತೋಟಾ ಆಯಿತು. ಸ್ವಾತಂತ್ರ್ಯ ಬಂದರೂ .303 ನಿಷೇಧಿತ ಬೋರಾಗಿಯೇ ಉಳಿಯಿತು, .315 ಮನೆಯ ಕೋವಿಯಾಗಿ ಉಳಿಯಿತು. ಒಳಗಿನ ಯಂತ್ರ ಲೀ-ಎನ್‌ಫೀಲ್ಡಿನದೇ.

ಇದರ ಗುಣ ಹೇಳುವವರು ಸಡಿಲವನ್ನೇ ಹೊಗಳುತ್ತಾರೆ. ಬೋಲ್ಟನ್ನು ಮೌಸರಿನಷ್ಟು ಮೇಲಕ್ಕೆತ್ತಬೇಕಿಲ್ಲ. ಸ್ಪ್ರಿಂಗು ಬಿಗಿಯುವುದು ಮುಚ್ಚುವಾಗ, ಹಾಗಾಗಿ ತೆರೆಯುವ ಬಲವೆಲ್ಲ ಅಂಟಿಕೊಂಡ ತೋಟಾ ಕೀಳಲಿಕ್ಕೇ ಸಿಗುತ್ತದೆ. ಕೆಸರು ಹೊಕ್ಕರೂ ಹೋಗಲು ಜಾಗವಿದೆ. ಆಕ್ಷೇಪ ಎರಡು. ಒಂದು, ತೋಟಾದ ಬುಡಕ್ಕೆ ಅಂಚು ಇರುವುದರಿಂದ ಮ್ಯಾಗಜಿನ್ನಿಗೆ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಕೂತರೆ ಸಿಕ್ಕಿಕೊಳ್ಳುತ್ತದೆ. ಅದು ತುಂಬಿದವನ ತಪ್ಪು, ನಾನೂ ಮಾಡಿದ್ದೇನೆ. ಎರಡನೆಯದು ಆಳವಾದದ್ದು. ಮೌಸರಿನ ಬೋಲ್ಟನ್ನು ಹಿಡಿಯುವ ಲಗ್ಗುಗಳು ಮುಂತುದಿಯಲ್ಲಿವೆ, ಲೀಯದರಲ್ಲಿ ಹಿಂದೆ. ಈಡು ಹಾರಿದಾಗ ಉದ್ದನೆಯ ಬೋಲ್ಟು ಕೂದಲೆಳೆಯಷ್ಟು ಕುಗ್ಗುತ್ತದೆ. ತೋಟಾ ಒಣಗಿದ್ದರೆ ಅದರ ಹಿತ್ತಾಳೆ ಚೇಂಬರಿನ ಗೋಡೆಗೆ ಅಂಟಿ ಒತ್ತಡದಲ್ಲಿ ಪಾಲು ಹೊರುತ್ತದೆ. ಒದ್ದೆಯಿದ್ದರೆ ಜಾರುತ್ತದೆ, ಒತ್ತಡವೆಲ್ಲ ಬೋಲ್ಟಿನ ಮೇಲೆ ಬಿದ್ದು ಗುಂಡು ಬೀಳುವ ಎತ್ತರ ಬದಲಾಗುತ್ತದೆ. ಇಂಗ್ಲೆಂಡಿನ ಬಿಸ್ಲಿ ಸ್ಪರ್ಧೆಯಲ್ಲಿ ಈ ರೈಫಲ್ಲು ಹಿಡಿದವರು ಮಳೆ ಬಂದರೆ ಮೊದಲು ಮುಚ್ಚಿಕೊಳ್ಳುತ್ತಿದ್ದದ್ದು ತೋಟಾವನ್ನು. ಕುದುರೆಮುಖದ ಬುಡದಲ್ಲಿ ಕೂತು ಇದನ್ನು ಓದಿದಾಗ ನಗು ಬಂತು. ಆಷಾಢದಲ್ಲಿ ನಮ್ಮಲ್ಲಿ ಒಣಗಿದ ವಸ್ತು ಯಾವುದಿದೆ?

ಜೋಡುನಳಿಗೆಯವರ ವಾದ

ಇವರದು ಸರಳ: ಚಲಿಸುವ ಭಾಗ ಕಡಿಮೆಯಿದ್ದಷ್ಟೂ ಕೆಡುವುದು ಕಡಿಮೆ. ಜೋಡುನಳಿಗೆ ಎಂದರೆ ಒಂದು ಹಿಡಿಗೆ ಕಟ್ಟಿದ ಎರಡು ಕೋವಿ. ಒಂದು ಹುಸಿಯಾದರೆ ಬೆರಳು ಇನ್ನೊಂದು ಟ್ರಿಗರಿಗೆ ಹೋದರಾಯಿತು. ಬೋಲ್ಟು ಎಳೆಯುವ ಸದ್ದೂ ಇಲ್ಲ.

ಕಾಯ್ದೆಯೂ ನಮ್ಮ ಬೆಟ್ಟಗಳಲ್ಲಿ ಇವರ ಕಡೆಗೇ ವಾಲಿದೆ. 1959ರ ಕಾಯ್ದೆ ಸ್ವರಕ್ಷಣೆಗೆ, ಆಟಕ್ಕೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯನ್ನೂ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೂ ಹೆಸರಿಸಿ ದಾರಿ ಸಲೀಸು ಮಾಡಿತು. ಹಾಗಾಗಿ ಕೇಪಿನ ಕೋವಿ, ಒಂಟಿನಳಿಗೆ, ಜೋಡುನಳಿಗೆಗಳೇ ಹೆಚ್ಚು. ರೈಫಲ್ಲು ಇರುವ ಮನೆ ಕಡಿಮೆ.

ಆದರೆ ಜೋಡುನಳಿಗೆಗೂ ಮಲೆನಾಡಿನದೇ ಕಾಯಿಲೆಯೊಂದಿತ್ತು. ಪ್ಲಾಸ್ಟಿಕ್ ಬರುವ ಮೊದಲು ಎಲ್‌ಜಿ, ಎಸ್‌ಜಿ, ಬಿಬಿ ಎಂಬ ಚರೆಯ ತೋಟಾಗಳೆಲ್ಲ ಕಾಗದದವು. ಮಳೆಗಾಲದಲ್ಲಿ ಉಬ್ಬಿ ನಳಿಗೆಗೆ ಹೋಗುತ್ತಿರಲಿಲ್ಲ, ಹೋದದ್ದು ಬರುತ್ತಿರಲಿಲ್ಲ. ತಂದೆಯ ಚೀಲದಲ್ಲಿ ಅದನ್ನು ಕೆದಕಿ ತೆಗೆಯಲಿಕ್ಕೆಂದೇ ಒಂದು ಪೆನ್‌ನೈಫ್ ಇರುತ್ತಿತ್ತು.

ತೋಟಾ ಎಂಬ ಮೂರನೆಯವನು

ನನ್ನ ತೀರ್ಮಾನ ಇಲ್ಲಿಂದ ಶುರು. ಕೋವಿ ಕೋವಿ ಎಂದು ಜಗಳಾಡುವವರು ತೋಟಾವನ್ನು ಮರೆಯುತ್ತಾರೆ. ನನ್ನ .315 ಈವರೆಗೆ ಐದುನೂರು ಈಡು ದಾಟಿರಬಹುದು, ಬಹುತೇಕ ಎಲ್ಲ ಗುರಿಹಲಗೆಗೆ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇರೆ ದಾರಿಯೂ ಇಲ್ಲ, ಇರಬೇಕಾಗಿಯೂ ಇಲ್ಲ. ಅದರಲ್ಲಿ ಹುಸಿಯಾದವು ಬೆರಳಲ್ಲಿ ಎಣಿಸುವಷ್ಟು. ಅವುಗಳಲ್ಲಿ ಹೆಚ್ಚಿನವು ಮುಗ್ಗಲು ಹಿಡಿದ ಹಳೆಯ ಡಬ್ಬಿಯ ತೋಟಾಗಳು. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿತ್ತು.

ಹುಸಿಯಾದ ತೋಟಾವನ್ನು ಕೂಡಲೇ ತೆಗೆಯಬಾರದು, ತಡವಾಗಿ ಹಾರುವುದೂ ಉಂಟು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಆಮೇಲೆ ಕೇಪಿಗೆ ಬಡಿಯುವ ಪಿನ್ನಿನಿಂದ ಅದೇ ತೋಟಾಕ್ಕೆ ಇನ್ನೊಮ್ಮೆ ಹೊಡೆದು, ಹಾರಿದರೆ "ಪಿನ್ನಿನ ತಪ್ಪು", ಹಾರದಿದ್ದರೆ "ಕೇಪಿನ ತಪ್ಪು" ಎನ್ನುವುದು ವಾಡಿಕೆ. ಈ ಪರೀಕ್ಷೆ ಕಾಣುವಷ್ಟು ಗಟ್ಟಿಯಲ್ಲ. ಕೇಪು ತನ್ನ ಗೂಡಿನಲ್ಲಿ ಸರಿಯಾಗಿ ಕೂರದೇ ಇದ್ದರೆ ಮೊದಲ ಏಟು ಅದನ್ನು ಕೂರಿಸುತ್ತದೆ, ಎರಡನೆಯದು ಹಾರಿಸುತ್ತದೆ. ತಪ್ಪು ತೋಟಾದ್ದು, ಬೈಗುಳ ಪಿನ್ನಿಗೆ. .22ರಲ್ಲಿ ಕೇಪೇ ಇಲ್ಲ, ಸಿಡಿಮದ್ದು ತೋಟಾದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಅಂಚಿನ ಒಂದು ಕಡೆ ಅದು ತೆಳುವಾಗಿದ್ದು ಪಿನ್ನು ಅಲ್ಲೇ ಬಡಿದರೆ ಹುಸಿ. ಅಂಚನ್ನು ತಿರುಗಿಸಿ ಹಾಕಿದರೆ ಹಾರುವುದುಂಟು.

ಇನ್ನೊಂದು ಹಳೆಯ ಪಾಪ ಕೇಪಿನ ಉಪ್ಪು. ಹಿಂದಿನ ಕೇಪುಗಳಲ್ಲಿದ್ದ ಪೊಟ್ಯಾಶಿಯಂ ಕ್ಲೋರೇಟ್ ಉರಿದು ನಳಿಗೆಯೊಳಗೆ ಪೊಟ್ಯಾಶಿಯಂ ಕ್ಲೋರೈಡನ್ನು ಉಳಿಸುತ್ತಿತ್ತು. ಅದು ಅಡುಗೆ ಉಪ್ಪಿನ ಸೋದರ. ಮಳೆಗಾಲದಲ್ಲಿ ಭರಣಿಯ ಉಪ್ಪು ಬೆವರುವುದನ್ನು ಕಂಡವರಿಗೆ ನಳಿಗೆಯಲ್ಲಿ ಏನಾಗುತ್ತದೆಂದು ಹೇಳಬೇಕಿಲ್ಲ. ಎಣ್ಣೆಗೆ ಉಪ್ಪು ಕರಗದು. ಮೊದಲು ಕುದಿನೀರು ಹೊಯ್ದು ತೊಳೆದು ಒಣಗಿಸಿ ಆಮೇಲೆ ಎಣ್ಣೆ. ಕೋವಿಗೆ ನೀರು ಹಾಕುವುದೇ ಎಂದು ಹೆದರಿದವರ ನಳಿಗೆಗಳೇ ಮೊದಲು ಗುಂಡಿ ಬಿದ್ದವು. 1920ರ ದಶಕದಲ್ಲಿ ಜರ್ಮನಿಯಲ್ಲಿ ಶುರುವಾದ ಬೇರೆ ಬಗೆಯ ಕೇಪು ಈ ಕಾಟ ತಪ್ಪಿಸಿತು. ಆದರೂ ಹಳೆಯ ರೈಫಲ್ಲಿನ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಯಾವ ಕಾಲದ ತೋಟಾ ತಿಂದಿದೆ ಎಂದು ಗೊತ್ತಾಗುತ್ತದೆ.

ಮಳೆ, ಎಣ್ಣೆ, ಇಟ್ಟ ಜಾಗ

ಕುದುರೆಮುಖದ ಸುತ್ತ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಹೊಸದಲ್ಲ. ಮರುಭೂಮಿಯಲ್ಲೋ ಹಿಮದಲ್ಲೋ ಪರೀಕ್ಷೆ ಮಾಡಿದ ಕೋವಿ ಇಲ್ಲಿಗೆ ಬಂದರೆ ಹೊಸ ಪಾಠ ಕಲಿಯಬೇಕು. ಹಳಬರು ಕೋವಿಯನ್ನು ಒಲೆಯ ಹೊಗೆ ತಾಗುವ ಗೋಡೆಗೆ ನೇತುಹಾಕುತ್ತಿದ್ದದ್ದು ಸುಮ್ಮನೆ ಅಲ್ಲ, ಇಡೀ ಮನೆಯಲ್ಲಿ ಒಣಗಿದ್ದ ಜಾಗ ಅದೊಂದೇ. ಗ್ಯಾಸ್ ಒಲೆ ಬಂತು, ಕೋವಿ ಕಬ್ಬಿಣದ ಬೀರುವಿನೊಳಗೆ ಹೋಯಿತು, ತುಕ್ಕು ಶುರುವಾಯಿತು. ಕಳ್ಳರಿಂದ ಬೀರು ಕಾಯುತ್ತದೆ, ತೇವದಿಂದಲ್ಲ.

ಎಣ್ಣೆಯದು ಬೇರೆಯೇ ಪುರಾಣ. ತೆಂಗಿನೆಣ್ಣೆ ಹಾಕುವವರಿದ್ದರು. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ಬೋಲ್ಟಿನೊಳಗಿನ ಪಿನ್ನು ತುಪ್ಪದಲ್ಲಿ ಹೂತ ಹಾಗೆ ನಿಧಾನಕ್ಕೆ ಹೋಗಿ ಕೇಪಿಗೆ ಮುತ್ತು ಕೊಟ್ಟು ಬರುತ್ತದೆ. ನನ್ನ ರೈಫಲ್ಲಿನಲ್ಲಿ ಆದ ಒಂದು ಹುಸಿ ಖಂಡಿತ ಇದರಿಂದ. ಹೊಲಿಗೆ ಯಂತ್ರದ ಎಣ್ಣೆ ವಾಸಿ, ಅದೂ ಹನಿ ಲೆಕ್ಕದಲ್ಲಿ. ಹೆಚ್ಚಾದದ್ದು ಇಳಿದು ಹಿಡಿಯ ಮರಕ್ಕೆ ಸೇರಿ ಮರ ಮೆತ್ತಗಾಗುತ್ತದೆ. ಆಯುಧಪೂಜೆಯ ದಿನ ಹಚ್ಚಿದ ಅರಿಶಿನ ಕುಂಕುಮ ಮಾರನೆಯ ದಿನವೇ ಒರೆಸದಿದ್ದರೆ ಬೊಟ್ಟಿನಾಕಾರದ ತುಕ್ಕು ಖಾಯಂ. ಭಕ್ತಿಯ ಗುರುತು ಹೊತ್ತ ಎಷ್ಟೋ ನಳಿಗೆ ನೋಡಿದ್ದೇನೆ.

ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ ನಳಿಗೆಗೆ ಒತ್ತುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಮಾರ್ಚಿನಲ್ಲಿ ಕೂಡಿಸಿದ ಗುರಿ ಆಗಸ್ಟಿನಲ್ಲಿ ಎರಡು ಬೆರಳು ಆಚೆ. ಚುನಾವಣೆ ಬಂದಾಗ ಕೋವಿ ಒಪ್ಪಿಸಬೇಕಾದ ಪರಿಪಾಠ ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಒಮ್ಮೆ ಹಾಗೆ ಇಟ್ಟದ್ದು ಎರಡು ತಿಂಗಳ ಮೇಲೆ ಕೈಗೆ ಬಂದಾಗ ಬೋಲ್ಟು ತಿರುಗಿಸಲು ಸೀಮೆಎಣ್ಣೆ ಬೇಕಾಯಿತು. ಇಟ್ಟ ಜಾಗದ ಹೆಸರು ಬೇಡ. ಗೋಣಿ ಸುತ್ತಿ ಕೊಟ್ಟದ್ದು ನಾನೇ, ಗೋಣಿ ನೀರು ಹೀರುತ್ತದೆಂದು ನನಗೆ ಹೊಳೆಯಬೇಕಿತ್ತು.

ಇನ್ನೂ ಇತ್ಯರ್ಥವಾಗದ್ದು

ಇಷ್ಟಾದ ಮೇಲೂ ಕೆಲವು ಗಂಟು ಬಿಡಿಸಿಕೊಂಡಿಲ್ಲ. ಪ್ಲಾಸ್ಟಿಕ್ ಹಿಡಿ ಉಬ್ಬುವುದಿಲ್ಲ, ಸರಿ. ಆದರೆ ಅದಕ್ಕೂ ಉಕ್ಕಿಗೂ ನಡುವೆ ನಿಂತ ನೀರು ಎಲ್ಲಿ ಹೋಗುತ್ತದೆ? ಒದ್ದೆ ತೋಟಾದ ತೊಂದರೆ ಸಾವಿರ ಗಜದ ಬಿಸ್ಲಿಯಲ್ಲಿ ದೊಡ್ಡದು. ಐವತ್ತು ಗಜದಾಚೆ ಕಾಣದ ನಮ್ಮ ತೋಟದ ಇಳಿಜಾರಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆಯೇ? .315 ತೋಟಾ ನಮ್ಮ ಹವೆಯಲ್ಲಿ ಎಷ್ಟು ಮಳೆಗಾಲ ಬಾಳುತ್ತದೆ? ಹತ್ತು ಎನ್ನುವವರಿದ್ದಾರೆ, ಮೂವತ್ತು ಎನ್ನುವವರೂ ಇದ್ದಾರೆ, ಇಬ್ಬರ ಕೈಯಲ್ಲೂ ಪುರಾವೆಯಿಲ್ಲ.

ಎಲ್ಲಕ್ಕಿಂತ ದೊಡ್ಡ ಗಂಟು ಎಣಿಕೆಯದು. ವರ್ಷಕ್ಕೆ ಕೊಳ್ಳಬಹುದಾದ ತೋಟಾ ಎಷ್ಟೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ, ಅದರಲ್ಲಿ ಹಾರುವುದು ಹತ್ತೋ ಇಪ್ಪತ್ತೋ. "ಮೂವತ್ತು ವರ್ಷ, ಒಮ್ಮೆಯೂ ಕೈಕೊಟ್ಟಿಲ್ಲ" ಎನ್ನುವ ಸಾಹುಕಾರರ ಕೋವಿ ವರ್ಷಕ್ಕೆ ಹತ್ತರ ಲೆಕ್ಕದಲ್ಲಿ ಮುನ್ನೂರು ಈಡು ಕಂಡಿರುತ್ತದೆ. ಸಂಖ್ಯಾಶಾಸ್ತ್ರದವರ ಸರಳ ಲೆಕ್ಕವೊಂದಿದೆ: ಮುನ್ನೂರರಲ್ಲಿ ಒಂದೂ ಕೆಡದಿದ್ದರೂ, ನೂರಕ್ಕೊಂದು ಕೆಡುವ ಸ್ವಭಾವ ಆ ಕೋವಿಗೆ ಇಲ್ಲವೆಂದು ಖಚಿತವಾಗಿ ಹೇಳಲಾಗದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವಾಗ ಹಾರುವ ಈಡುಗಳನ್ನು ಯಾರಾದರೂ ಬರೆದಿಟ್ಟರೆ ನಮ್ಮೆಲ್ಲರ ಅನುಭವಕ್ಕಿಂತ ಹೆಚ್ಚು ತಿಳಿಯಬಹುದು.

ನಾನು 2020ರಲ್ಲಿ ಒಪ್ಪಿಸಿದ್ದು .22ನ್ನು. ಅದು ಕೈಕೊಡುತ್ತಿತ್ತೆಂದಲ್ಲ. ಜೋಡುನಳಿಗೆ ತಂದೆಯದು, .315ನ್ನು ಕೊಡಲು ಮನಸ್ಸು ಬರಲಿಲ್ಲ. ಬೋಲ್ಟ್ ರೈಫಲ್ಲು ಕೆಡುವುದು ಅಪರೂಪ, ಕೆಟ್ಟಾಗ ತಪ್ಪು ಬೋಲ್ಟಿನದಾಗಿರುವುದು ಇನ್ನೂ ಅಪರೂಪ ಎಂಬುದು ನನ್ನ ನಂಬಿಕೆ. ಪುರಾವೆ ಕೇಳಿದರೆ ಕೊಡಲಾರೆ.

ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯ ಪುಸ್ತಕ ಇರುತ್ತದೆ. ಅಜ್ಜನ ಕಾಲದಿಂದ ದಿನದಿನದ ಮಳೆ, ಇಂಚು ಸೆಂಟುಗಳಲ್ಲಿ. ನಮ್ಮದರಲ್ಲಿ ಯಾವ ಜುಲೈಯ ಯಾವ ತಾರೀಖಿಗೆ ಎಷ್ಟು ಬಿತ್ತೆಂದು ಈಗಲೂ ಹೇಳಬಲ್ಲೆ, ಆದರೆ ಕೋವಿ ಹುಸಿಯಾದ ಒಂದು ದಿನವೂ ಅದರಲ್ಲಿಲ್ಲ. ಲೈಸೆನ್ಸಿರುವ ಓದುಗರಲ್ಲಿ ಒಂದು ಕೋರಿಕೆ: ಪುಸ್ತಕದ ಕೊನೆಯ ಹಾಳೆಯಲ್ಲಿ ನಾಲ್ಕು ಗೆರೆ ಎಳೆಯಿರಿ. ತಾರೀಖು, ತೋಟಾ ಕೊಂಡ ವರ್ಷ, ಹಚ್ಚಿದ ಎಣ್ಣೆ, ಹಾರಿತೋ ಇಲ್ಲವೋ. ನಮ್ಮ ಮನೆಯಲ್ಲಿ ಕಳೆದ ಆಯುಧಪೂಜೆಯಿಂದ ಶುರುವಾಗಿದೆ. ಈವರೆಗೆ ಹದಿನಾಲ್ಕು ಸಾಲು, ಒಂದು ಹುಸಿ.